ಹಳೆಯ ಮೇವು ಕತ್ತರಿಸುವ ಯಂತ್ರ: ಕೊಳ್ಳುವ ಮುನ್ನ ನೋಡಬೇಕಾದದ್ದು



ಚಿಕಿತ್ಸೆಗೆಂದೋ ಲಸಿಕೆಗೆಂದೋ ಹೊಸಪೇಟೆ, ಕಮಲಾಪುರ, ಹಂಪಿ, ಸಂಡೂರು, ಕಂಪ್ಲಿ ಕಡೆಯ ಸಂಘಗಳಿಗೆ ಬಂದಾಗ ನೀವು ಕೇಳುವ ಪ್ರಶ್ನೆಗಳಲ್ಲಿ ಒಂದು ಈಚೆಗೆ ಹೆಚ್ಚಾಗಿದೆ. "ಡಾಕ್ಟ್ರೇ, ಹಳೇ ಕಟರ್ ಮಷಿನ್ ಒಂದು ಬಂದೈತೆ, ಅರ್ಧ ರೇಟಿಗೆ ಕೊಡ್ತಾರಂತೆ, ತಗಬಹುದಾ?" ಆಕಳು ಮಾರಿದವರ ಮನೆಯಲ್ಲಿ, ಡೇರಿ ಶೆಡ್ ಮುಚ್ಚಿದವರ ಹಿತ್ತಿಲಲ್ಲಿ, ಪೇಟೆಯ ಗುಜರಿ ಅಂಗಡಿಯಲ್ಲಿ, ಈಗ ಮೊಬೈಲ್ ಜಾಹೀರಾತಿನಲ್ಲಿ ಕೂಡ ಇಂಥ ಯಂತ್ರಗಳು ಮಾರಾಟಕ್ಕೆ ಬರುತ್ತಿವೆ.

ನನ್ನ ಉತ್ತರ: ತೆಗೆದುಕೊಳ್ಳಬಹುದು, ಆದರೆ ಆಕಳು ಕೊಳ್ಳುವಾಗ ಹಲ್ಲು, ಕೆಚ್ಚಲು, ಕಾಲು ನೋಡಿ, ಕರೆದು ನೋಡಿ ಕೊಳ್ಳುವಂತೆ ಇದನ್ನೂ ನೋಡಿ ಕೊಳ್ಳಬೇಕು. ಕೆಟ್ಟ ಯಂತ್ರ ಕೊಂಡರೆ ನಷ್ಟ ಕೊಟ್ಟ ದುಡ್ಡಿಗೆ ಮುಗಿಯುವುದಿಲ್ಲ. ಅದರ ಬಾಯಿಗೆ ದಿನಾ ಕೈ ಕೊಡುವವರು ನೀವು. ಅದರಿಂದ ಉದುರಿದ್ದನ್ನೆಲ್ಲ ನುಂಗುವುದು ನಿಮ್ಮ ಆಕಳು.

ನಿಮಗೆ ಯಂತ್ರ ಬೇಕೇ?

ಮೊದಲು ಒಂದು ವಾರ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬೆಳಿಗ್ಗೆ ಗೋದಲಿಗೆ ಹಾಕುವ ಮೇವನ್ನು ತೂಗಿ. ಮರುದಿನ ಬೆಳಿಗ್ಗೆ ಗೋದಲಿಯಲ್ಲಿ ಉಳಿದ ದಂಟನ್ನು, ಕಾಲಡಿ ತುಳಿದು ಗೊಬ್ಬರವಾದ ಮೇವನ್ನು ಗುಡಿಸಿ ತೂಗಿ. ತಕ್ಕಡಿ ಇಲ್ಲದಿದ್ದರೆ ಬುಟ್ಟಿಯ ಲೆಕ್ಕ ಸಾಕು. ಏಳು ದಿನದ್ದನ್ನು ಬರೆದಿಟ್ಟು ಸರಾಸರಿ ತೆಗೆಯಿರಿ.

ಸುಮಾರು 400 ಕಿಲೋ ತೂಗುವ ಹಾಲು ಕೊಡುವ ಮಿಶ್ರತಳಿ ಆಕಳಿಗೆ ದಿನಕ್ಕೆ 25ರಿಂದ 30 ಕಿಲೋ ಹಸಿ ಮೇವು, 4ರಿಂದ 5 ಕಿಲೋ ಒಣ ಮೇವು ಬೇಕು. ಉದ್ದ ಮೇವು ಹಾಕಿದರೆ ಆಕಳು ಎಲೆಯನ್ನು ಆರಿಸಿ ತಿಂದು ದಂಟನ್ನು ಬಿಡುತ್ತದೆ. ಕತ್ತರಿಸಿ, ಹಸಿ ಒಣ ಎರಡನ್ನೂ ಬೆರೆಸಿ ಹಾಕಿದರೆ ಆರಿಸಲು ಆಗದೆ ದಂಟನ್ನೂ ತಿನ್ನುತ್ತದೆ. ಯಂತ್ರದ ಲಾಭವೆಲ್ಲ ಇರುವುದು ಇಲ್ಲೇ. ಮೇವಿನಲ್ಲಿ ಇಲ್ಲದ ಸತ್ವವನ್ನು ಯಂತ್ರ ತಂದು ಸೇರಿಸುವುದಿಲ್ಲ. ಹಾಳಾಗುವ ಮೇವನ್ನು ಉಳಿಸುತ್ತದೆ, ನಿಮ್ಮ ರಟ್ಟೆಯ ಶ್ರಮವನ್ನು ಉಳಿಸುತ್ತದೆ, ಅಷ್ಟೇ.

ಒಂದು ಲೆಕ್ಕ ಹಾಕೋಣ. ಎರಡು ಆಕಳಿರುವ ಮನೆಯಲ್ಲಿ ದಿನಕ್ಕೆ 6 ಕಿಲೋ ಮೇವು ಹಾಳಾಗುತ್ತದೆ, ಕಿಲೋಗೆ 3 ರೂಪಾಯಿ ಎಂದುಕೊಳ್ಳಿ. ದಿನಕ್ಕೆ 18 ರೂಪಾಯಿ, ತಿಂಗಳಿಗೆ 540. ಕತ್ತರಿಸುವುದರಿಂದ ಅದರಲ್ಲಿ ಅರ್ಧ ಉಳಿದರೆ ತಿಂಗಳಿಗೆ 270 ರೂಪಾಯಿ. ಹದಿನಾರು ಸಾವಿರದ ಯಂತ್ರದ ದುಡ್ಡು ಮರಳಲು ಸುಮಾರು ಐದು ವರ್ಷ ಬೇಕು. ಅದೇ ಯಂತ್ರವನ್ನು ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಕೊಂಡರೆ ಹದಿನೈದು ತಿಂಗಳಲ್ಲಿ ಮರಳುತ್ತದೆ. ನಿಮ್ಮ ಊರಿನ ದರ ಹಾಕಿ ನಿಮ್ಮ ಲೆಕ್ಕ ನೀವೇ ಮಾಡಿ. ಒಂದೇ ಆಕಳಿರುವವರಿಗೆ ಕುಡುಗೋಲು, ಇಲ್ಲವೇ ಕೈಯಲ್ಲಿ ತಿರುಗಿಸುವ ಗಾಲಿ ಯಂತ್ರ ಸಾಕು.

ನಿಮ್ಮ ಮೇವಿಗೆ ತಕ್ಕ ಯಂತ್ರ

ನಮ್ಮ ಭಾಗದಲ್ಲಿ ಹತ್ತು ಹದಿನೈದು ಮೈಲಿಗೆ ಮೇವು ಬದಲಾಗುತ್ತದೆ. ಒಂದೂರಲ್ಲಿ ಚೆನ್ನಾಗಿ ಓಡಿದ ಯಂತ್ರ ಇನ್ನೊಂದೂರಲ್ಲಿ ಕೆಮ್ಮುತ್ತಾ ನಿಲ್ಲುವುದು ಇದಕ್ಕೇ.

ಕಂಪ್ಲಿ ಕಡೆ ತುಂಗಭದ್ರಾ ಕಾಲುವೆ ನೀರಿನ ನೆಲ್ಲು ಹುಲ್ಲೇ ಮುಖ್ಯ. ನೆಲ್ಲು ಹುಲ್ಲಿನಲ್ಲಿ ಮರಳಿನ ಗುಣದ ಸಿಲಿಕಾ ಹೆಚ್ಚು, ಬ್ಲೇಡು ಬೇಗ ಮೊಂಡಾಗುತ್ತದೆ. ಹುಲ್ಲು ಮೆತ್ತಗಿರುವುದರಿಂದ ಸವೆದ ರೋಲರಿಗೆ ಸುತ್ತಿಕೊಳ್ಳುತ್ತದೆ. ಇಲ್ಲಿಯವರು ರೋಲರಿನ ಹಲ್ಲು ಚೂಪಾಗಿದೆಯೇ ಎಂಬುದನ್ನು ಮೊದಲು ನೋಡಬೇಕು.

ಹೊಸಪೇಟೆ, ಕಮಲಾಪುರ, ಹಂಪಿ ಸುತ್ತ ವಿಜಯನಗರದ ಅರಸರ ಕಾಲದ ಕಾಲುವೆಗಳ ಕೆಳಗೆ ಕಬ್ಬು, ಬಾಳೆ ಇವೆ. ಕಬ್ಬಿನ ಸೋಗೆ ಉದ್ದ, ಒರಟು. ಅದಕ್ಕೆ ಬಲವಾದ ಮೋಟಾರು, ಅಗಲ ಬಾಯಿ ಬೇಕು. ಸೋಗೆಯನ್ನೂ ನೆಲ್ಲು ಹುಲ್ಲನ್ನೂ ಹೆಚ್ಚಾಗಿ ಹಾಕುವವರು ಖನಿಜ ಮಿಶ್ರಣ ಬಿಡಬಾರದು, ಏಕೆಂದರೆ ಅವುಗಳಲ್ಲಿರುವ ಆಕ್ಸಲೇಟ್ ಮೇವಿನ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾಳೆ ದಿಂಡಿನಲ್ಲಿ ಬಹುಪಾಲು ನೀರೇ. ಅದನ್ನು ಕತ್ತರಿಸಲೆಂದು ಯಾರೂ ಯಂತ್ರ ಕೊಳ್ಳಬೇಡಿ, ಕತ್ತಿ ಸಾಕು.

ಸಂಡೂರು ಕಡೆ ಜೋಳದ ಸೊಪ್ಪೆ, ಮೆಕ್ಕೆಜೋಳದ ದಂಟು ಹೆಚ್ಚು. ಇವು ಗಟ್ಟಿ, ಯಂತ್ರಕ್ಕೆ ಭಾರ ಬೀಳುತ್ತದೆ. ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಹೊಲದ ಮೇವಿನ ಮೇಲೆ ಕೆಂಪು ಧೂಳು ಕೂತಿರುತ್ತದೆ. ಅದನ್ನು ಕೊಡವದೆ ಹಾಕಿದರೆ ಬ್ಲೇಡಿನ ಮೊನೆಯೂ ಬೇರಿಂಗೂ ಬೇಗ ಸವೆಯುತ್ತವೆ. ಆ ಕಡೆ ಓಡಿದ ಹಳೆಯ ಯಂತ್ರ ಕೊಳ್ಳುವವರು ಬೇರಿಂಗಿನ ಮೇಲೆ ಕಣ್ಣಿಡಿ.

ಹುಲ್ಲು ಕತ್ತರಿಸುವ ಬಂಡಿ ನಮಗೆ ಬೇಡ

ಹಂಪಿ ಹೊಸಪೇಟೆ ಕಡೆ ಹೋಟೆಲು, ರೆಸಾರ್ಟುಗಳು ಇರುವುದರಿಂದ ಇನ್ನೊಂದು ಪ್ರಶ್ನೆಯೂ ಬರುತ್ತದೆ. ಹುಲ್ಲುಹಾಸು ಕತ್ತರಿಸಲು ಮಾಲಿ ಮೇಲೆ ಕೂತು ಓಡಿಸುವ ಬಂಡಿಯಂಥ ಯಂತ್ರ ಹಳೆಯದಾದಾಗ ಕಡಿಮೆಗೆ ಸಿಕ್ಕರೆ ಮೇವು ಕೊಯ್ಯಲು ಬಂದೀತೇ ಎಂದು. ಬರುವುದಿಲ್ಲ. ಅದು ಸಮತಟ್ಟು ನೆಲದಲ್ಲಿ ಕೆಲವೇ ಅಂಗುಲ ಎತ್ತರದ ಹುಲ್ಲನ್ನು ಸವರಲು ಮಾಡಿದ್ದು. ಆಳೆತ್ತರದ ನೇಪಿಯರ್ ಮೇವಿನಲ್ಲಿ, ಬದುವಿನ ಏರುತಗ್ಗಿನಲ್ಲಿ ಅದು ಸಿಕ್ಕಿಬೀಳುತ್ತದೆ, ಇಳಿಜಾರಿನಲ್ಲಿ ಮಗುಚುತ್ತದೆ. ಪೆಟ್ರೋಲು, ಬಿಡಿಭಾಗ ಎಲ್ಲ ದುಬಾರಿ.

ಇಂಥ ಯಂತ್ರ ಸವರಿ ಗುಡ್ಡೆ ಹಾಕಿದ ಹುಲ್ಲನ್ನು ಪುಕ್ಕಟೆ ಸಿಗುತ್ತದೆಂದು ತಂದು ಹಾಕುವವರಿಗೂ ಒಂದು ಮಾತು. ಆ ಹುಲ್ಲು ಪುಡಿಯಂತೆ ಸಣ್ಣಗಿರುತ್ತದೆ, ಗುಡ್ಡೆಯೊಳಗೆ ಕೆಲವು ತಾಸಿನಲ್ಲೇ ಬಿಸಿಯಾಗಿ ಹುಳಿಯುತ್ತದೆ. ಆಕಳು ಅಗಿಯದೆ ಗಬಗಬ ನುಂಗಿ ಹೊಟ್ಟೆ ಉಬ್ಬರಿಸಿಕೊಳ್ಳುತ್ತದೆ. ಹುಲ್ಲುಹಾಸಿಗೆ ಕಳೆನಾಶಕ, ಕೀಟನಾಶಕ ಹೊಡೆದಿರಬಹುದು, ಅಲಂಕಾರದ ಕಣಗಿಲೆಯ ಎಲೆ ಅದರಲ್ಲಿ ಸೇರಿರಬಹುದು. ಕಣಗಿಲೆ ಎಲೆ ಸ್ವಲ್ಪವೇ ಹೊಟ್ಟೆಗೆ ಹೋದರೂ ಆಕಳ ಪ್ರಾಣಕ್ಕೆ ಅಪಾಯ.

ಹೆಗಲಿಗೆ ಹಾಕಿಕೊಂಡು ಮೇವು ಕೊಯ್ಯುವ ಪೆಟ್ರೋಲ್ ಯಂತ್ರ ಉಪಯೋಗಕ್ಕೆ ಬರುತ್ತದೆ. ಅದು ಹೊಲದಲ್ಲಿ ಕೊಯ್ಯುವ ಸಾಧನ. ಕೊಯ್ದ ಮೇಲೆ ತುಂಡರಿಸುವ ಕೆಲಸ ಹಾಗೇ ಉಳಿಯುತ್ತದೆ. ನಿಮ್ಮ ಕಷ್ಟ ಹೊಲದಲ್ಲಿದೆಯೋ ಕೊಟ್ಟಿಗೆಯಲ್ಲಿದೆಯೋ ನೋಡಿಕೊಂಡು ಆರಿಸಿ.

ಕರೆಂಟಿನ ಲೆಕ್ಕ

ಹಳೆಯ ಯಂತ್ರ ಕೊಂಡು ಮನೆಯಲ್ಲಿ ಮೂಲೆಗಿಟ್ಟವರಲ್ಲಿ ಹಲವರು ಎಡವಿದ್ದು ಇಲ್ಲಿ. ಮನೆಗೆ ಬರುವುದು ಸಿಂಗಲ್ ಫೇಸ್, 230 ವೋಲ್ಟ್. ದೊಡ್ಡ ಡೇರಿಯಿಂದ ಬಂದ ಯಂತ್ರಕ್ಕೆ ತ್ರೀ ಫೇಸ್, 415 ವೋಲ್ಟಿನ ಮೋಟಾರು ಇರಬಹುದು. ತ್ರೀ ಫೇಸ್ ನಮಗೆ ಸಿಗುವುದು ಹೊಲದ ಪಂಪ್‌ಸೆಟ್ಟಿಗೆ, ಅದೂ ಸರದಿಯ ತಾಸುಗಳಲ್ಲಿ. ಆಕಳು ಆ ಸರದಿಗೆ ಕಾಯುವುದಿಲ್ಲ. ಮೋಟಾರಿನ ಮೇಲಿನ ತಗಡಿನ ಪಟ್ಟಿಯಲ್ಲಿ ಎಚ್‌ಪಿ, ವೋಲ್ಟ್, ಫೇಸ್ ಬರೆದಿರುತ್ತದೆ. ಪಟ್ಟಿ ಕಿತ್ತಿದ್ದರೆ ಅಥವಾ ಅಕ್ಷರ ಅಳಿಸಿದ್ದರೆ ಎಲೆಕ್ಟ್ರಿಷಿಯನ್ ನೋಡದೆ ಕೊಳ್ಳಬೇಡಿ.

2 ಎಚ್‌ಪಿ ಮೋಟಾರು ಪೂರ್ತಿ ಭಾರದಲ್ಲಿ ತಾಸಿಗೆ ಸುಮಾರು ಒಂದೂವರೆಯಿಂದ ಎರಡು ಯೂನಿಟ್ ಎಳೆಯುತ್ತದೆ. ದಿನಕ್ಕೆ ಅರ್ಧ ತಾಸು ಓಡಿಸಿದರೆ ತಿಂಗಳಿಗೆ 22ರಿಂದ 30 ಯೂನಿಟ್. 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಮನೆಯ ಉಚಿತ ಮಿತಿಯನ್ನು ಹಿಂದಿನ ಸರಾಸರಿ ಬಳಕೆಯ ಮೇಲೆ ಲೆಕ್ಕ ಹಾಕಿರುತ್ತಾರೆ. ಎಲ್ಲರಿಗೂ 200 ಯೂನಿಟ್ ಪೂರ್ತಿ ಇಲ್ಲ. ಯಂತ್ರ ಬಂದ ಮೇಲೆ ಆ ಮಿತಿ ದಾಟಿದರೆ ಬಿಲ್ಲು ಬರುತ್ತದೆ. ಬಿಲ್ಲಿನ ಚೀಟಿಯಲ್ಲಿ ನಿಮ್ಮ ಮಿತಿ ಎಷ್ಟೆಂದು ನೋಡಿಕೊಳ್ಳಿ. ಮನೆಗೆ ಮಂಜೂರಾದ ಲೋಡು 2 ಎಚ್‌ಪಿ ಮೋಟಾರನ್ನು ತಡೆಯುತ್ತದೆಯೇ ಎಂದು ಜೆಸ್ಕಾಂ ಕಚೇರಿಯಲ್ಲಿ ಕೇಳಿ.

ಅರ್ತಿಂಗ್ ಇಲ್ಲದೆ ಯಂತ್ರ ಓಡಿಸಲೇಬಾರದು. ಕೊಟ್ಟಿಗೆಯ ನೆಲ ಗಂಜಲ, ನೀರಿನಿಂದ ಸದಾ ಒದ್ದೆ. ಆಕಳು ನಾಲ್ಕು ಬರಿಗಾಲಲ್ಲಿ ನಿಂತಿರುತ್ತದೆ, ಮನುಷ್ಯರಿಗೆ ಜುಮ್ಮೆನ್ನುವಷ್ಟು ಕರೆಂಟೂ ಅದರ ಪ್ರಾಣ ತೆಗೆಯಬಹುದು.

ನೋಡಲು ಹೋದಾಗ

ಹಗಲಲ್ಲೇ ಹೋಗಿ. ಮೋಟಾರು ಕೆಲಸ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ನಿಮ್ಮ ಹೊಲದ ಮೇವಿನ ಎರಡು ಕಟ್ಟು, ಒಂದು ಹಸಿಯದು ಒಂದು ಒಣಗಿದ್ದು, ತೆಗೆದುಕೊಂಡು ಹೋಗಿ. ಮಾರುವವರು ತಾವೇ ಇಟ್ಟುಕೊಂಡ ಎಳೆ ಮೆಕ್ಕೆಜೋಳ ಹಾಕಿ ತೋರಿಸಿದರೆ ಯಾವ ಯಂತ್ರವೂ ಚೆನ್ನಾಗಿಯೇ ಕತ್ತರಿಸುತ್ತದೆ.

1. ಕರೆಂಟ್ ತೆಗೆಸಿ, ಪ್ಲಗ್ಗು ನಿಮ್ಮ ಕಣ್ಣೆದುರು ಹೊರಗಿರಲಿ. ಬೆಲ್ಟನ್ನೋ ಪುಲ್ಲಿಯನ್ನೋ ಹಿಡಿದು ಗಾಲಿಯನ್ನು ಮೆಲ್ಲಗೆ ತಿರುಗಿಸಿಸಿ. ಕರಕರ ಸದ್ದು ಬಂದರೆ ಬೇರಿಂಗ್ ಹೋಗಿದೆ. ಗಾಲಿಯನ್ನು ಹಿಂದೆ ಮುಂದೆ ಅಲುಗಾಡಿಸಿದಾಗ ಕಟಕಟ ಎಂದರೆ ಶಾಫ್ಟ್ ಸವೆದಿದೆ.

2. ಗಾಲಿಯ ಮೇಲೆ ಬೆಸುಗೆ ಹಾಕಿದ ಗುರುತಿದೆಯೇ, ಕೂದಲೆಳೆಯಂಥ ಬಿರುಕಿದೆಯೇ ನೋಡಿ. ಹೊಸದಾಗಿ ದಪ್ಪ ಬಣ್ಣ ಬಳಿದಿದ್ದರೆ ಬಟ್ಟೆಯಿಂದ ಉಜ್ಜಿ ನೋಡಿ. ಎರಕದ ಕಬ್ಬಿಣದ ಗಾಲಿ ಒಮ್ಮೆ ಒಡೆದು ಬೆಸೆದದ್ದಾದರೆ ವೇಗದಲ್ಲಿ ಮತ್ತೆ ಸಿಡಿಯಬಹುದು. ಬೆಲೆ ಎಷ್ಟೇ ಇಳಿಸಲಿ, ಅಲ್ಲಿಂದ ಎದ್ದು ಬನ್ನಿ.

3. ಬ್ಲೇಡುಗಳು ಜೋಡಿಯಾಗಿ ಒಂದೇ ಅಗಲ, ಒಂದೇ ದಪ್ಪ ಇರಬೇಕು. ಒಂದು ಹೊಸದು ಒಂದು ಸವೆದದ್ದಾದರೆ ಗಾಲಿ ಒಲೆದಾಡುತ್ತದೆ. ಬ್ಲೇಡಿನ ಪ್ರತಿ ತೂತಿಗೂ ಸರಿಯಾದ ಬೋಲ್ಟು ಇದೆಯೇ ಎಣಿಸಿ. ಬೋಲ್ಟಿನ ಜಾಗದಲ್ಲಿ ಮೊಳೆ, ತಂತಿ ಕಂಡರೆ ಆ ಮನೆಯವರು ಉಳಿದ ಭಾಗವನ್ನು ಹೇಗೆ ನೋಡಿಕೊಂಡಿರಬಹುದೆಂದು ನೀವೇ ಊಹಿಸಿ.

4. ಮೇವು ಹಾಕುವ ತಟ್ಟೆಯ ಉದ್ದ ಅಳೆಯಿರಿ. ಯಂತ್ರ ನಿಂತಿರುವಾಗ, ಪ್ಲಗ್ಗು ತೆಗೆದಿರುವಾಗ ತಟ್ಟೆಯ ಹೊರ ಅಂಚಿಗೆ ಮೊಣಕೈ ಇಟ್ಟು ಕೈ ಚಾಚಿ. ಬೆರಳ ತುದಿ ರೋಲರಿಗೆ ತಾಗುವಂತಿದ್ದರೆ ಆ ತಟ್ಟೆ ಗಿಡ್ಡ. ಒಳಭಾಗದ ಮೇಲೆ ಮುಚ್ಚಳ ಇರಲೇಬೇಕು. ಜಾಗ ಉಳಿಸಲು ತಟ್ಟೆ ಕತ್ತರಿಸಿದ, ಮುಚ್ಚಳ ಬಿಚ್ಚಿಟ್ಟ ಯಂತ್ರಗಳು ಹಳ್ಳಿಗಳಲ್ಲಿ ಎಷ್ಟೋ ಇವೆ. ಕೈ ಹೋಗುವುದು ಇಂಥವುಗಳಲ್ಲೇ.

5. ಗಾಲಿಗೂ ಬೆಲ್ಟಿಗೂ ಜಾಲರಿ ಅಥವಾ ತಗಡಿನ ಮುಚ್ಚಳ ಇದೆಯೇ? ರೋಲರನ್ನು ನಿಲ್ಲಿಸಿ ಹಿಂದಕ್ಕೆ ತಿರುಗಿಸುವ ಹಿಡಿ ಇದ್ದರೆ ಅದು ಸಲೀಸಾಗಿ ಬೀಳುತ್ತದೆಯೇ? ಮೇವು ಸಿಕ್ಕಿದಾಗ ನಿಮ್ಮ ಕೈ ಉಳಿಸುವುದು ಆ ಹಿಡಿ.

6. ಈಗ ಓಡಿಸಲು ಹೇಳಿ. ಮೊದಲು ಎಲೆಕ್ಟ್ರಿಷಿಯನ್ ಟೆಸ್ಟರ್ ಇಟ್ಟು ಯಂತ್ರದ ಮೈಗೆ ಕರೆಂಟ್ ಬರುತ್ತಿಲ್ಲವೆಂದು ನೋಡಲಿ. ಗಾಲಿ ಬಾಣದ ಗುರುತಿನ ದಿಕ್ಕಿಗೆ ತಿರುಗಬೇಕು. ಐದು ನಿಮಿಷ ತೋರಿಸಿ ಸಾಕು ಎನ್ನುತ್ತಾರೆ, ನೀವು ಇಪ್ಪತ್ತು ನಿಮಿಷ ಓಡಿಸಿ. ವೈಂಡಿಂಗ್ ಕೆಟ್ಟ ಮೋಟಾರಿನಿಂದ ಅಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಬಿಸಿಯಾದ ಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡಿಸಿ. ಗುಂಯ್ ಎಂದು ಕೂತರೆ ಕೆಪಾಸಿಟರ್ ಅಥವಾ ವೈಂಡಿಂಗ್ ದೋಷ.

7. ಕೊನೆಗೆ ನಿಮ್ಮ ಮೇವು ಹಾಕಿಸಿ. ತುಂಡುಗಳನ್ನು ಕೈಯಲ್ಲಿ ಹಿಡಿದು ನೋಡಿ. ತುದಿ ಚೊಕ್ಕವಾಗಿ ಕತ್ತರಿಸಿರಬೇಕು. ನಾರುನಾರಾಗಿ ಜಜ್ಜಿದಂತಿದ್ದರೆ ಬ್ಲೇಡು ಮೊಂಡಾಗಿದೆ, ಇಲ್ಲವೇ ಬ್ಲೇಡಿಗೂ ಬಾಯಿಯ ಪಟ್ಟಿಗೂ ನಡುವಿನ ಸಂದು ದೊಡ್ಡದಾಗಿದೆ. ಮೊದಲನೆಯದಕ್ಕೆ ಸಾಣೆ ಸಾಕು. ಎರಡನೆಯದು ಹೊಂದಿಸಿದರೆ ಸರಿಹೋಗುತ್ತದೆಯೋ ಪಟ್ಟಿಯೇ ಸವೆದಿದೆಯೋ ಎಂದು ಮೆಕ್ಯಾನಿಕ್ ಹೇಳಲಿ.

ಆಕಳ ಹೊಟ್ಟೆಗೆ ಹೋಗುವ ಕಬ್ಬಿಣ

ಪಶುವೈದ್ಯರಾಗಿ ನಾವು ಬೋಲ್ಟು ಎಣಿಸಿ ಎಂದು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಆಕಳು ಮೇವನ್ನು ಅಗಿದು ಆರಿಸಿ ತಿನ್ನುವುದಿಲ್ಲ. ನಾಲಿಗೆಯಲ್ಲಿ ಸುತ್ತಿ ಎಳೆದು ನುಂಗುತ್ತದೆ, ಆಮೇಲೆ ಮೆಲುಕು ಹಾಕುತ್ತದೆ. ಮೇವಿನಲ್ಲಿ ಮೊಳೆ, ತಂತಿ, ಬ್ಲೇಡಿನ ಚೂರು ಇದ್ದರೆ ಅದೂ ಒಳಗೆ ಹೋಗುತ್ತದೆ. ಭಾರವಾದ ಕಬ್ಬಿಣ ಎರಡನೆಯ ಹೊಟ್ಟೆಯ ತಳದಲ್ಲಿ ಕೂರುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳ್ಳನೆಯ ವಪೆ ಮಾತ್ರ. ಹೊಟ್ಟೆ ಹಿಂಡಿದಾಗೆಲ್ಲ ಚೂಪಾದ ತುದಿ ಮುಂದಕ್ಕೆ ಸರಿದು ಹೃದಯದ ಚೀಲವನ್ನು ಚುಚ್ಚುತ್ತದೆ.

ನಾನು ಚಿಕಿತ್ಸೆ ಮಾಡಿದ ಒಂದು ಆಕಳು ದಿನಕ್ಕೆ 9 ಲೀಟರ್ ಕೊಡುತ್ತಿದ್ದದ್ದು ನಾಲ್ಕು ದಿನದಲ್ಲಿ 2 ಲೀಟರಿಗೆ ಇಳಿದಿತ್ತು. ಜ್ವರ ಸ್ವಲ್ಪ, ಮೇವು ಮೂಸಿ ಬಿಡುವುದು, ಮೊಣಕೈಗಳನ್ನು ಹೊರಚಾಚಿ ನಿಲ್ಲುವುದು, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು. ಮನೆಯವರು ಅಜೀರ್ಣವೆಂದು ಮನೆಮದ್ದು ಮಾಡಿದ್ದರು. ನಾನು ನೋಡುವ ಹೊತ್ತಿಗೆ ಗಂಗೆದೊಗಲಿನಲ್ಲಿ ನೀರು ತುಂಬಿ ಊದಿತ್ತು, ಕುತ್ತಿಗೆಯ ನರ ಹಗ್ಗದಂತೆ ಎದ್ದು ಕಾಣುತ್ತಿತ್ತು. ಆ ಹಂತದಲ್ಲಿ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ. ಸತ್ತ ಮೇಲೆ ಹೊಟ್ಟೆ ತೆರೆದಾಗ ಸಿಕ್ಕಿದ್ದು ಬೆರಳುದ್ದದ ಬೇಲಿ ತಂತಿ. ಕೊಟ್ಟಿಗೆಯಲ್ಲಿ ಆರು ತಿಂಗಳ ಹಿಂದೆ ಕೊಂಡ ಹಳೆಯ ಕಟರ್ ಇತ್ತು. ಗಾಲಿಯ ಮುಚ್ಚಳವನ್ನು ಬೋಲ್ಟಿನ ಬದಲು ಅಂಥದೇ ತಂತಿಯಿಂದ ಬಿಗಿದಿದ್ದರು, ಅದರ ಒಂದು ತುದಿ ಮುರಿದಿತ್ತು. ಬೋಲ್ಟು ಹತ್ತು ರೂಪಾಯಿಯದು. ಆ ಆಕಳ ಹಾಲಿನ ಬಟವಾಡೆಯಲ್ಲೇ ಇಬ್ಬರು ಮಕ್ಕಳ ಶಾಲೆ ನಡೆಯುತ್ತಿತ್ತು.

ಮೇವು ಹೊರಬೀಳುವ ಬಾಯಿಗೆ ಒಂದು ಬಲವಾದ ಆಯಸ್ಕಾಂತ ಕಟ್ಟಿ. ಕೆಟ್ಟ ಸ್ಪೀಕರಿನದಾದರೂ ನಡೆಯುತ್ತದೆ. ವಾರಕ್ಕೊಮ್ಮೆ ಅದಕ್ಕೆ ಅಂಟಿದ್ದನ್ನು ನೋಡಿ ಒರೆಸಿ. ಕಬ್ಬಿಣದ ಚೂರು ಕಂಡರೆ ಯಂತ್ರದ ಯಾವುದೋ ಭಾಗ ಸಡಿಲವಾಗಿದೆ ಎಂದು ಅರ್ಥ. ಮೇಲೆ ಹೇಳಿದ ಲಕ್ಷಣ ಯಾವ ಆಕಳಲ್ಲಿ ಕಂಡರೂ ತಡಮಾಡದೆ ಪಶುವೈದ್ಯರಿಗೆ ತಿಳಿಸಿ, ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಿ.

ಎಷ್ಟು ಸಣ್ಣಗೆ ಕತ್ತರಿಸಬೇಕು?

ಒಂದರಿಂದ ಒಂದೂವರೆ ಅಂಗುಲ. ಅದಕ್ಕಿಂತ ಸಣ್ಣಗೆ, ಪುಡಿಪುಡಿಯಾಗಿ ಕತ್ತರಿಸಿದರೆ ಹೆಚ್ಚು ಜೀರ್ಣವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಆಕಳು ದಿನಕ್ಕೆ ಏಳೆಂಟು ತಾಸು ಮೆಲುಕು ಹಾಕುತ್ತದೆ. ಮೆಲುಕಿನಲ್ಲಿ ಸುರಿಯುವ ಜೊಲ್ಲು ಹೊಟ್ಟೆಯ ಹುಳಿಯನ್ನು ಸರಿದೂಗಿಸುತ್ತದೆ. ಮೇವು ಪುಡಿಯಾದರೆ ಮೆಲುಕು ಕಡಿಮೆ, ಜೊಲ್ಲು ಕಡಿಮೆ, ಹುಳಿ ಹೆಚ್ಚು, ಹಾಲಿನ ಫ್ಯಾಟ್ ಕಡಿಮೆ. ಸಂಘದಲ್ಲಿ ನಿಮ್ಮ ದರ ನಿಂತಿರುವುದು ಫ್ಯಾಟ್ ಮತ್ತು ಎಸ್‌ಎನ್‌ಎಫ್ ಮೇಲೆ. ಯಂತ್ರ ತಂದ ಮೇಲೆ ಫ್ಯಾಟ್ ಇಳಿದಿದ್ದರೆ ಹಿಂಡಿಯನ್ನು ಬೈಯುವ ಮೊದಲು ಮೇವಿನ ತುಂಡನ್ನು ಅಳೆಯಿರಿ. ಕಾಳು ಬೀಸುವುದೂ ಮೇವು ಕತ್ತರಿಸುವುದೂ ಒಂದರಲ್ಲೇ ಇರುವ ಯಂತ್ರಗಳಲ್ಲಿ ಈ ತೊಂದರೆ ಬರುವುದುಂಟು. ಅವುಗಳಲ್ಲಿ ಮೇವಿಗೆ ಬೇರೆ ಜಾಲರಿ ಇದೆಯೇ ಕೇಳಿ.

ಕತ್ತರಿಸಿದ ಹಸಿ ಮೇವನ್ನು ರಾತ್ರಿಯಿಡೀ ಗುಡ್ಡೆ ಹಾಕಬೇಡಿ, ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಆಯಾ ಹೊತ್ತಿನದು ಆಯಾ ಹೊತ್ತಿಗೆ ಸಾಕು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳದ ವಿಷ ಯಂತ್ರದಲ್ಲಿ ಕತ್ತರಿಸಿದರೆ ಹೋಗುವುದಿಲ್ಲ. ಹೂವಾಡುವ ಮೊದಲು ಜೋಳದ ಹಸಿ ಮೇವು ಹಾಕಬೇಡಿ.

ದುಡ್ಡು ಕೊಡುವ ಮುನ್ನ

ಬೆಲೆ ಕೇಳಿದ ಕೂಡಲೇ ರಿಪೇರಿಯ ಖರ್ಚನ್ನೂ ಕೂಡಿಸಿ. ಉದಾಹರಣೆಗೆ ಹಳೆಯ ಯಂತ್ರಕ್ಕೆ 11,000, ಹೊಸ ಬ್ಲೇಡು ಬೋಲ್ಟಿಗೆ 900, ಬೇರಿಂಗ್ ಬೆಲ್ಟಿಗೆ 1,200, ವೈಂಡಿಂಗ್ ಮಾಡಿಸಿದರೆ 3,000. ಒಟ್ಟು 16,100. ಅಂಥದೇ ಹೊಸದು 22,000ಕ್ಕೆ, ಗ್ಯಾರಂಟಿ ಸಮೇತ ಸಿಗುವುದಾದರೆ ವ್ಯತ್ಯಾಸ 5,900 ಮಾತ್ರ. ನನ್ನ ಸಲಹೆ ಇಷ್ಟು: ಎಲ್ಲ ಸೇರಿ ಹೊಸದರ ಬೆಲೆಯ ಮೂರರಲ್ಲಿ ಎರಡು ಪಾಲು ದಾಟಿದರೆ ಹಳೆಯದನ್ನು ಬಿಡಿ.

ಹೊಸದಕ್ಕೆ ಸಹಾಯಧನ ಇದೆಯೇ ಎಂದು ಮೊದಲೇ ವಿಚಾರಿಸಿ. ಪಶುಸಂಗೋಪನಾ ಇಲಾಖೆ, ಕೃಷಿ ಇಲಾಖೆಗಳ ಯೋಜನೆಗಳಲ್ಲಿ ಮೇವು ಕತ್ತರಿಸುವ ಯಂತ್ರ ಕೊಡುವುದುಂಟು. ಅನುದಾನ, ಅರ್ಹತೆ ವರ್ಷವರ್ಷ ಬದಲಾಗುತ್ತವೆ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿಯವರಿಗೆ ಜಿಲ್ಲಾ ಕಚೇರಿ ಹೊಸಪೇಟೆ, ಸಂಡೂರು, ಕಂಪ್ಲಿಯವರಿಗೆ ಬಳ್ಳಾರಿ. ಪಹಣಿ ಮನೆಯ ಯಜಮಾನರ ಹೆಸರಿನಲ್ಲಿದ್ದು ಆಕಳು, ಪಾಸ್‌ಬುಕ್ಕು ನಿಮ್ಮ ಹೆಸರಿನಲ್ಲಿದ್ದರೆ ಅರ್ಜಿ ಯಾರ ಹೆಸರಿನಲ್ಲಿ ಹಾಕಬೇಕೆಂದು ಕೇಳಿಯೇ ಓಡಾಡಿ. ಸಂಘದ ಸದಸ್ಯತ್ವ ನಿಮ್ಮ ಹೆಸರಿನಲ್ಲಿದ್ದರೆ ಅದರ ದಾಖಲೆಯನ್ನೂ ಜೊತೆಗಿಡಿ.

ಹಳೆಯದು ಸಹಾಯಧನದಲ್ಲಿ ಬಂದ ಯಂತ್ರವಾಗಿದ್ದರೆ ಮಾರುವವರು ಪರಭಾರೆ ಮಾಡುವುದಿಲ್ಲವೆಂದು ಇಲಾಖೆಗೆ ಬರೆದುಕೊಟ್ಟಿರಬಹುದು. ಮೈಮೇಲೆ ಯೋಜನೆಯ ಹೆಸರು ಬರೆದಿದ್ದರೆ, ಅಥವಾ ಅಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ಕೇಳಿ ಖಾತ್ರಿ ಮಾಡಿಕೊಳ್ಳಿ. ಕಾಲುವೆ ಬದಿಯ ಹೊಲಗಳಿಂದ ಮೋಟಾರು ಕಳವಾಗುವುದು ನಿಮಗೆ ಗೊತ್ತೇ ಇದೆ. ಮೋಟಾರಿನ ನಂಬರು, ಮಾರಿದವರ ಹೆಸರು, ಬೆಲೆ, ತಾರೀಕು ಬರೆದ ಚೀಟಿಗೆ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಚೀಟಿ ನಿಮ್ಮ ಹೆಸರಿನಲ್ಲಿರಲಿ. ದುಡ್ಡು ನಿಮ್ಮ ಹಾಲಿನದು.

ಮೊಬೈಲ್ ಜಾಹೀರಾತು ನೋಡಿ ಮುಂಗಡ ಕಳಿಸಬೇಡಿ. ಮಿಲಿಟರಿಯಲ್ಲಿದ್ದೇನೆ, ವರ್ಗವಾಗಿದೆ, ಗಾಡಿಯಲ್ಲಿ ಕಳಿಸುತ್ತೇನೆ ಎನ್ನುವುದು ಹಳೆಯ ಮೋಸ. ನಿಮಗೆ ದುಡ್ಡು ಬರಬೇಕಾದಾಗ ಕ್ಯೂಆರ್ ಸ್ಕ್ಯಾನ್ ಮಾಡುವುದೂ ಪಿನ್ ಒತ್ತುವುದೂ ಬೇಕಿಲ್ಲ. ಮೋಸ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಾಲ್ಕು ಮನೆಯವರು ಸೇರಿ ಕೊಳ್ಳುವುದಾದರೆ ಯಂತ್ರ ಯಾರ ಮನೆಯಲ್ಲಿರಬೇಕು, ಕರೆಂಟಿನ ದುಡ್ಡು ಹೇಗೆ, ಬ್ಲೇಡಿಗೆ ಸಾಣೆ ಯಾರ ಸರದಿ, ಒಬ್ಬರು ಬಿಟ್ಟುಹೋದರೆ ಎಷ್ಟು ಕೊಡಬೇಕು ಎಂಬುದನ್ನು ಸ್ವಸಹಾಯ ಸಂಘದ ನಡಾವಳಿ ಪುಸ್ತಕದಲ್ಲಿ ಮೊದಲೇ ಬರೆಯಿರಿ. ಆಮೇಲೆ ಮನಸ್ತಾಪ ಬರುವುದಿಲ್ಲ.

ಮನೆಗೆ ತಂದ ಮೇಲೆ

ಯಂತ್ರವನ್ನು ಗಟ್ಟಿ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿ. ಸ್ವಿಚ್ಚು ಮೇವು ಹಾಕುವವರ ಕೈಗೆಟಕುವ ಹಾಗಿರಲಿ, ಗೋಡೆಯಾಚೆ ಬೇಡ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಜಡೆಯನ್ನು ಗಂಟು ಕಟ್ಟಿ. ನೈಟಿಯ ಮೇಲಿನ ವೇಲು, ಸಡಿಲ ತೋಳು, ಕೈಚೀಲ ಬೇಡ. ಬಟ್ಟೆ ರೋಲರಿಗೆ ಸಿಕ್ಕರೆ ಕೈಯನ್ನೂ ಎಳೆದೊಯ್ಯುತ್ತದೆ. ಮೇವಿನ ಕೊನೆಯ ಗೇಣನ್ನು ಕೈಯಿಂದ ನೂಕಬೇಡಿ, ಮುಂದಿನ ಹಿಡಿ ಮೇವಿನಿಂದ ನೂಕಿ. ಸಿಕ್ಕಿಕೊಂಡರೆ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಗಾಲಿ ಪೂರ್ತಿ ನಿಂತ ಮೇಲೆಯೇ ಕೈ ಹಾಕಿ. ಸ್ವಿಚ್ಚು ಆರಿಸಿದ ಮೇಲೂ ಗಾಲಿ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಕರೆಂಟ್ ಹೋದಾಗ ಕೈ ಹಾಕಿದವರು ಅದು ಮರಳಿ ಬಂದಾಗ ಬೆರಳು ಕಳೆದುಕೊಳ್ಳುತ್ತಾರೆ. ಶಾಲೆಯಿಂದ ಬಂದ ಮಕ್ಕಳ ಕೈಗೆ ಈ ಕೆಲಸ ಕೊಡಲೇಬೇಡಿ. ಕತ್ತಲಲ್ಲಿ, ನಿದ್ದೆಗಣ್ಣಲ್ಲಿ, ಒಬ್ಬರೇ ಇರುವಾಗ ಓಡಿಸಬೇಡಿ.

ಅನಾಹುತವಾದರೆ ಗಾಯದ ಮೇಲೆ ಶುಭ್ರ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿ. ಸುಣ್ಣ, ಅರಿಶಿನ, ಕಾಫಿಪುಡಿ ಹಚ್ಚಬೇಡಿ. ತುಂಡಾದ ಬೆರಳನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಇರುವ ಇನ್ನೊಂದು ಚೀಲದಲ್ಲಿಡಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು. 108ಕ್ಕೆ ಕರೆ ಮಾಡಿ, ಬೆರಳನ್ನೂ ಜೊತೆಗೇ ತೆಗೆದುಕೊಂಡು ಹೋಗಿ.

ವಾರಕ್ಕೊಮ್ಮೆ ಬೋಲ್ಟು ಬಿಗಿ, ಬೇರಿಂಗಿಗೆ ಗ್ರೀಸ್, ಬ್ಲೇಡಿಗೆ ಸಾಣೆ. ಗ್ರೀಸ್ ಹಚ್ಚಿದ ಮೇಲೆ ಹೆಚ್ಚಾದದ್ದನ್ನು ಒರೆಸಿ, ಮೊದಲ ಬುಟ್ಟಿ ಮೇವನ್ನು ಗೋದಲಿಗೆ ಹಾಕದೆ ತಿಪ್ಪೆಗೆ ಹಾಕಿ.

ಯಂತ್ರ ನೋಡಲು ಹೋದಾಗ ಮಾರುವವರು ನೆಂಟರಿರಬಹುದು, ಚಹಾ ಕೊಡಬಹುದು, ನಾಳೆ ಬೇರೆಯವರು ಬರುತ್ತಾರೆ ಎಂದು ಅವಸರ ಮಾಡಬಹುದು. ಮನಸ್ಸಿಗೆ ಒಪ್ಪದಿದ್ದರೆ ಬೇಡ ಎನ್ನಲು ಸಂಕೋಚಪಡಬೇಡಿ. ಗೊಂದಲವಿದ್ದರೆ ಮೋಟಾರಿನ ಪಟ್ಟಿ, ಗಾಲಿ, ಬ್ಲೇಡು, ಮೇವು ಹಾಕುವ ತಟ್ಟೆ ಈ ನಾಲ್ಕರ ಫೋಟೋ ತೆಗೆದು ನಿಮ್ಮ ಸಂಘದ ಕಾರ್ಯದರ್ಶಿಗೋ ವಿಸ್ತರಣಾಧಿಕಾರಿಗೋ ತೋರಿಸಿ. ನಾವು ಮುಂದಿನ ಬಾರಿ ಸಂಘಕ್ಕೆ ಬಂದಾಗಲೂ ಕೇಳಿ.